ಅಬ್ಬಾನ ಕಪ್ಪು ಲ್ಯಾಪ್‌ಟಾಪ್

“ಅದನ್ನ ಮುಟ್ಟಬ್ಯಾಡ ಅಮ್ಮಿ.”

ಕೈನಾತ ಹೇಳಿದ್ದು ಮೆಲ್ಲಗೇ. ಆದರೂ ಸ್ಟೂಲು ಹತ್ತಿ ನಿಂತಿದ್ದ ಅಮ್ಮಿಯ ಕೈ ಅಲ್ಲೇ ತಡೆಯಿತು. ಮೇಲಿನ ಹಲಗೆಯಲ್ಲಿ, ಹಸಿರು ಟವೆಲ್ಲಿನಲ್ಲಿ ಸುತ್ತಿಟ್ಟ ಅಬ್ಬಾನ ಲ್ಯಾಪ್‌ಟಾಪ್ ಇತ್ತು. ಇನ್ನೊಂದು ಗೇಣು ಚಾಚಿದ್ದರೆ ಅಮ್ಮಿಯ ಕೈಗೆ ಸಿಗುತ್ತಿತ್ತು.

“ಇಳಿ ಅಮ್ಮಿ,” ಎಂದಳು ಕೈನಾತ. ಆಗಷ್ಟೇ ಶಾಲೆಯಿಂದ ಬಂದಿದ್ದಳು. ಚೀಲ ಇನ್ನೂ ಬೆನ್ನ ಮೇಲೇ ಇತ್ತು.

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆಮ್ರಪಾಲಿಗೆ ಇದೆಲ್ಲ ಏನೆಂದು ತಿಳಿಯಲಿಲ್ಲ. ಅವಳು ಬಿಜ್ಜರಗಿಯವಳು. ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಳು. ಬೆಳಿಗ್ಗೆ ಅವ್ವನ ಜೊತೆ ಒಣದ್ರಾಕ್ಷಿ ಆರಿಸುವ ಕೂಲಿ, ಆಮೇಲೆ ಬಸ್ಸು ಹಿಡಿದು ಕಾಲೇಜು. ಯಾವುದೋ ಆಫೀಸಿನವರು ಬೇಡವೆಂದು ತೆಗೆದು ಹಾಕಿದ ಹಳೆಯ ಲ್ಯಾಪ್‌ಟಾಪ್ ಒಂದು ಅವಳಿಗೆ ಸಿಕ್ಕಿತ್ತು. ವಯಸ್ಸಿನಲ್ಲಿ ಅದು ಕೈನಾತಳಿಗಿಂತ ದೊಡ್ಡದು. ಅದನ್ನು ರಿಪೇರಿ ಮಾಡಿಸಲು ಅವಳು ತಿಕೋಟಾ ಬಸ್‌ಸ್ಟ್ಯಾಂಡಿನ ಹತ್ತಿರದ ಈ ಅಂಗಡಿಗೆ ಬಂದದ್ದು ಇದು ಮೂರನೆಯ ಸಲ.

ಅಮ್ಮಿ ತನ್ನಿಂದ ಆಗುವುದನ್ನೆಲ್ಲ ಮಾಡಿದ್ದಳು. ನೀರು ಬಿದ್ದು ಸತ್ತ ಒಂದು ಲ್ಯಾಪ್‌ಟಾಪಿನಿಂದ ರಾಮ್ ಎನ್ನುವ ಮೆಮರಿ ಪಟ್ಟಿ ತೆಗೆದು ಇದಕ್ಕೆ ಹಾಕಿದಳು. ಇನ್ನೊಂದರಿಂದ, ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಎಸ್‌ಎಸ್‌ಡಿ ತೆಗೆದು ಇದಕ್ಕೆ ಜೋಡಿಸಿದಳು. ಮೊದಲು ಅದು ಚಾಲೂ ಆಗುವುದರೊಳಗೆ ಚಹಾ ಮಾಡಿ ಕುಡಿದು ಕಪ್ಪು ತೊಳೆದಿಡಬಹುದಿತ್ತು. ಈಗ ಗುಂಡಿ ಒತ್ತಿದ್ದೇ ತಡ, ಎದ್ದು ಕೂಡುತ್ತಿತ್ತು. ಆದರೆ ಎದ್ದು ಮಾಡುವುದೇನು? ಅಂಗಡಿಯ ದೊಡ್ಡ ಮಾನಿಟರಿಗೆ ಹಚ್ಚಿದರೆ ಎಲ್ಲ ಕಾಣುತ್ತಿತ್ತು, ಅದರದೇ ಸ್ಕ್ರೀನು ಮಾತ್ರ ಕಪ್ಪಗೆ ಇತ್ತು. ಕೆಳಗಿನಿಂದ ಸ್ಕ್ರೀನಿಗೆ ಹೋಗುವ, ರಿಬ್ಬನ್ನಿನಂಥ ಕೇಬಲ್ಲು ತುಂಡಾಗಿತ್ತು.

ಅಂಥ ಕೇಬಲ್ಲು ಈಗ ಹೊಸದು ಬರುವುದಿಲ್ಲ. ಅದೇ ಮಾಡೆಲ್ಲಿನ ಇನ್ನೊಂದು ಹಳೆಯ ಲ್ಯಾಪ್‌ಟಾಪಿನಿಂದಲೇ ತೆಗೆಯಬೇಕು. ಅಮ್ಮಿ ಎರಡು ಸಲ ವಿಜಯಪುರಕ್ಕೆ ಹೋಗಿ, ಗುಜರಿ ಅಂಗಡಿಗಳ ರಾಶಿಯಲ್ಲೆಲ್ಲ ಕೈಯಾಡಿಸಿ ಬಂದಿದ್ದಳು. ಸಿಕ್ಕಿದ್ದು ಬರೀ ಧೂಳು.

ಅದೇ ಮಾಡೆಲ್ಲಿನದು ಅವಳಿಗೆ ಗೊತ್ತಿದ್ದುದು ಇನ್ನು ಒಂದೇ ಒಂದು. ಅದು ಹಸಿರು ಟವೆಲ್ಲಿನೊಳಗೆ ಇತ್ತು.

ಅಮ್ಮಿ ಸ್ಟೂಲಿನಿಂದ ಇಳಿದಳು. “ಶನಿವಾರ ಮುಂಜಾನೆ ಬಾ ತಂಗಿ. ಅಷ್ಟರಾಗ ಏನರ ಮಾಡ್ತೇನಿ.”

“ಸೋಮವಾರ ಪ್ರಾಜೆಕ್ಟ್ ಕೊಡಬೇಕ್ರಿ ಅಕ್ಕಾರ,” ಎಂದಳು ಆಮ್ರಪಾಲಿ. “ಇನ್ನೂ ಅರ್ಧಾ ಟೈಪ್ ಮಾಡೂದೈತಿ. ತಡಾ ಮಾಡಿದ್ರ ತಗೊಳ್ಳಂಗಿಲ್ಲ ಅಂತ ಸರ್ ಮೊದಲ ಹೇಳ್ಯಾರ.”

“ಗೊತ್ತೈತಿ. ಶನಿವಾರ ಬಾ.”

ಅವಳು ಹೋದ ಮೇಲೆ ಅಮ್ಮಿ ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡಳು.

“ಒಂದ ಕೇಬಲ್ ತಗೀತೇನಿ ಕೈನಾತ. ಉಳದದ್ದೆಲ್ಲಾ ಹಂಗ ಇರ್ತೈತಿ.”

“ಏನೂ ತಗೀಬ್ಯಾಡ. ಅದು ಅಬ್ಬಾಂದು.”

“ಅಬ್ಬಾಂದ ಹೌದು. ಆದ್ರ ಆಕಿಗೆ ಬೇಕಾಗೈತಲ್ಲ.”

“ಆಕಿ ಬ್ಯಾರೆ ಕಡೆ ಹುಡುಕ್ಲಿ.”

ಅಮ್ಮಿ ವಾದಕ್ಕೆ ಇಳಿಯಲಿಲ್ಲ. “ನಾಳೆ ಸಂಜಿಗೆ ಬಿಚ್ಚತೇನಿ,” ಎಂದಷ್ಟೇ ಹೇಳಿ, ಒಲೆಯ ಮೇಲಿನ ಅನ್ನ ನೋಡಲು ಅಂಗಡಿಯ ಹಿಂದಿನ ಮನೆಯೊಳಗೆ ಹೋದಳು. ಅವಳು ಹೀಗೆ ಸಮಾಧಾನದಿಂದ ಹೇಳಿದಳೆಂದರೆ ಮುಗಿಯಿತು, ಮಾಡಿಯೇ ತೀರುತ್ತಾಳೆ. ಕೈನಾತಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅಬ್ಬಾ ತೀರಿಕೊಂಡು ಒಂದು ವರ್ಷವಾಗಿತ್ತು. ಆಗ ತೋಟಗಳಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ನಡೆದಿತ್ತು. ಆಳುಗಳನ್ನು ತುಂಬಿಕೊಂಡ ಟಂಟಂ ಆಟೋಗಳು ದಿನವಿಡೀ ಅಂಗಡಿಯ ಮುಂದೆ ಓಡಾಡುತ್ತಿದ್ದವು. ಜ್ವರ ಬಂದಿದ್ದ ಅಬ್ಬಾ ತಾನೇ ನಡೆದು ಹೋಗಿ, ವಿಜಯಪುರದ ದವಾಖಾನೆಗೆಂದು ಬಸ್ಸು ಹತ್ತಿದ. ಹದಿನೈದನೆಯ ದಿನ ಆಂಬುಲೆನ್ಸಿನಲ್ಲಿ ತಿರುಗಿ ಬಂದ.

ಆಮೇಲೆ ಅವನ ಅಂಗಿಗಳನ್ನು ಅಮ್ಮಿ ಯಾರು ಯಾರಿಗೋ ಕೊಟ್ಟಳು. ಅವನ ಮೊಬೈಲು ಅಮ್ಮಿಯದಾಯಿತು. ಅವನ ಕುರ್ಚಿಯಲ್ಲೂ ಅವಳೇ ಕೂಡತೊಡಗಿದಳು. ಅವನ ಪಕ್ಕದಲ್ಲಿ ಕೂತು ಸುಮ್ಮನೆ ಕಲಿತಿದ್ದ ಕೆಲಸವೇ ಈಗ ಮನೆ ನಡೆಸುತ್ತಿತ್ತು. ಇದ್ದದ್ದು ಇದ್ದ ಹಾಗೇ ಉಳಿದದ್ದು ಆ ಕಪ್ಪು ಲ್ಯಾಪ್‌ಟಾಪ್ ಮಾತ್ರ. ಇಟ್ಟಿಗೆಯಷ್ಟು ದಪ್ಪ. ಅಬ್ಬಾ ರಿಪೇರಿ ಕಲಿತದ್ದು ಅದರ ಮೇಲೆ. ಕೈನಾತಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಾರ್ಟೂನ್ ತೋರಿಸಿದ್ದೂ ಅದರಲ್ಲೇ. ಕಡೆಕಡೆಗೆ, ಬ್ಯಾಟರಿ ಹೋಗಿದೆ ಎಂದು ಅವನು ಅದನ್ನು ಚಾಲೂ ಮಾಡುವುದನ್ನೇ ಬಿಟ್ಟಿದ್ದ. ಆದರೂ ಕೈನಾತಳ ಮಟ್ಟಿಗೆ ಅದರೊಳಗೆ ಎಲ್ಲವೂ ಹಾಗೇ ಇತ್ತು. ಅಬ್ಬಾನ ಬೆರಳು ತಾಗಿ ತಾಗಿ ಅಳಿಸಿದ ಕೀಗಳಿದ್ದವು. ಅಷ್ಟನ್ನೂ ಬಿಚ್ಚಿ ಹಾಕಿದರೆ ಅಬ್ಬಾಂದು ಅಂತ ಏನು ಉಳಿಯುತ್ತದೆ?

ಮರುದಿನ ಶುಕ್ರವಾರ. ಬೆಳಿಗ್ಗೆ ನಳಕ್ಕೆ ನೀರು ಬಂತು. ಅಮ್ಮಿ ಕೊಡ ತೆಗೆದುಕೊಂಡು ಹೊರಗೆ ಹೋದಳು. ಕೈನಾತ ಸ್ಟೂಲು ಹತ್ತಿದಳು.

ಪುಸ್ತಕಗಳೆಲ್ಲ ಮಂಚದ ಕೆಳಗೆ ಹೋದವು. ಲ್ಯಾಪ್‌ಟಾಪ್ ಟವೆಲ್ಲಿನ ಸಮೇತ ಚೀಲದೊಳಗೆ ಬಂತು. ಜಿಪ್ಪು ಅರ್ಧಕ್ಕೇ ಸಿಕ್ಕಿ ನಿಂತಿತು. ಎಷ್ಟು ದಿನ ಹೀಗೆ ಹೊತ್ತು ತಿರುಗಬೇಕು ಎಂದು ಅವಳು ಯೋಚಿಸಿರಲಿಲ್ಲ. ಶನಿವಾರ ದಾಟಿದರೆ ಸಾಕು ಎನ್ನುವುದಷ್ಟೇ ತಲೆಯಲ್ಲಿತ್ತು.

“ಚೀಲದಾಗ ಕಲ್ಲ ತುಂಬಿಯೇನ?” ಎಂದು ಕೇಳಿದಳು ಒಂದೇ ಬೆಂಚಿನ ಗೆಳತಿ ರುಕ್ಸಾರ.

“ಮುಟ್ಟಬ್ಯಾಡ.”

“ಯವ್ವಾ, ಯಾರ ಮುಟ್ಟತಾರ?”

ಗಣಿತದ ಪುಸ್ತಕ ತಂದಿಲ್ಲವೆಂದು ಟೀಚರು ನಿಲ್ಲಿಸಿದರು. ಕನ್ನಡದ ಪುಸ್ತಕವೂ ಇಲ್ಲವೆಂದು ಮತ್ತೆ ನಿಲ್ಲಿಸಿದರು. ಕೈನಾತ ಎರಡು ಪಿರಿಯಡ್ಡೂ ಚೀಲವನ್ನು ಕಾಲುಗಳ ನಡುವೆ ಒತ್ತಿ ಹಿಡಿದುಕೊಂಡು ನಿಂತಳು.

ಊಟದ ಗಂಟೆ ಹೊಡೆಯಿತು. ಚೀಲ ಬಿಟ್ಟು ಹೋದರೆ ಯಾರಾದರೂ ತೆಗೆದು ನೋಡಿಯಾರು ಎಂದು ಅವಳು ಅದನ್ನು ಹೆಗಲಿಗೆ ಹಾಕಿಕೊಂಡೇ ಹೊರಟಳು. ಪಡಸಾಲೆಯಿಂದ ಅಂಗಳಕ್ಕೆ ನಾಲ್ಕು ಕಲ್ಲಿನ ಮೆಟ್ಟಿಲು. ಎರಡನೆಯ ಮೆಟ್ಟಿಲಲ್ಲಿ ಚೀಲದ ಪಟ್ಟಿ ಕಿತ್ತುಹೋಯಿತು. ಅಮ್ಮಿ ಎರಡು ಸಲ ಹೊಲಿದಿದ್ದ ಪಟ್ಟಿ, ಎಷ್ಟು ಭಾರ ತಡೆದೀತು?

ಚೀಲ ಕೆಳಗಿನ ಮೆಟ್ಟಿಲಿನ ಅಂಚಿಗೆ ಬಡಿಯಿತು. ಒಳಗೆ ಹಪ್ಪಳ ಮುರಿದಂತೆ ಸದ್ದಾಯಿತು.

ಕೈನಾತ ಊಟಕ್ಕೆ ಹೋಗಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಕೂತು, ಟವೆಲ್ಲು ಸರಿಸಿ, ಮುಚ್ಚಳ ಎತ್ತಿದಳು. ಸ್ಕ್ರೀನಿನ ಈ ಮೂಲೆಯಿಂದ ಆ ಮೂಲೆಯವರೆಗೆ ಬಿರುಕು ಹರಿದಿತ್ತು. ಅವಳು ಬೇಗನೆ ಮುಚ್ಚಳ ಮುಚ್ಚಿ, ಮತ್ತೆ ತೆರೆದಳು. ಬಿರುಕು ಅಲ್ಲೇ ಇತ್ತು. ಅಮ್ಮಿ ತೆಗೆಯಬೇಕೆಂದಿದ್ದದ್ದು ಒಂದು ಕೇಬಲ್ಲು. ತಾನು ಇಡೀ ಸ್ಕ್ರೀನನ್ನೇ ಒಡೆದು ಕೂತಿದ್ದಳು.

ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಳು. ವಿಜಯಪುರದ ಬಸ್ಸು ಒಂದು ಹೋಯಿತು. ಇನ್ನೊಂದೂ ಹೋಯಿತು. ಚೀಲವನ್ನು ಎದೆಗೆ ಅವಚಿ ಹಿಡಿದು ಕೈ ಸೋತಿತ್ತು. ಹೋಗಲು ಮನೆ ಬಿಟ್ಟು ಬೇರೆ ಜಾಗವೂ ಇರಲಿಲ್ಲ.

ಅಮ್ಮಿ ಆಮ್ರಪಾಲಿಯ ಲ್ಯಾಪ್‌ಟಾಪನ್ನು ಬಿಚ್ಚಿ ಮುಂದಿಟ್ಟುಕೊಂಡು, ಏನೂ ಮಾಡದೆ ಕೂತಿದ್ದಳು.

“ಎಲ್ಲೈತಿ?”

“ಚೀಲದಾಗ.”

“ತಗಿ.”

ಕೈನಾತ ತೆಗೆದು ಟೇಬಲ್ಲಿನ ಮೇಲಿಟ್ಟಳು. ಅಮ್ಮಿ ಟವೆಲ್ಲು ಬಿಡಿಸಿ ಮುಚ್ಚಳ ಎತ್ತಿದಳು.

“ನಾನ ಒಡದ್ನಿ ಅಮ್ಮಿ,” ಎನ್ನುವಷ್ಟರಲ್ಲಿ ಕೈನಾತಳಿಗೆ ಅಳು ಬಂದುಬಿಟ್ಟಿತು. “ಉಳಸಾಕಂತ ಒಯ್ದಿದ್ನಿ. ಪಟ್ಟಿ ಕಿತ್ತು, ಮೆಟ್ಟಲ ಮ್ಯಾಲೆ ಬಿತ್ತು.”

ಅಮ್ಮಿ ಬಿರುಕಿನ ಉದ್ದಕ್ಕೂ ಬೆರಳಾಡಿಸಿದಳು. ಆಮೇಲೆ ಕೇಳಿದಳು. “ಕಾಲ ಮ್ಯಾಲೆ ಬಿದ್ದಿಲ್ಲಲ್ಲ?”

“ಇಲ್ಲ.”

“ಹೂಂ.”

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಕೈನಾತಳಿಗೆ. ಬೈದಿದ್ದರೆ ಒಂದಿಷ್ಟಾದರೂ ಹಗುರಾಗುತ್ತಿತ್ತು.

ಅಮ್ಮಿ ಲ್ಯಾಪ್‌ಟಾಪನ್ನು ಬೋರಲು ಮಾಡಿ ಸ್ಕ್ರೂಡ್ರೈವರ್ ಹಿಡಿದಳು. ಹಿಡಿದವಳು ಹಾಗೇ ಇದ್ದಳು, ತಿರುಗಿಸಲಿಲ್ಲ.

“ನನಗೂ ಇದನ್ನ ಬಿಚ್ಚಾಕ ಮನಸ್ಸಾಗಿರಲಿಲ್ಲ,” ಎಂದಳು. “ಒಂದ ವರ್ಷ ಆತು, ದಿನಾ ನೋಡ್ತೇನಿ. ಒಂದ ದಿನಾನೂ ಮುಟ್ಟಿಲ್ಲ.”

“ಮತ್ತ ನಿನ್ನೆ?”

“ನಿನ್ನೆ ಆಕಿ ಎದುರಿಗೆ ನಿಂತಿದ್ಲಲ್ಲ.”

ಒಂದೊಂದೇ ಸ್ಕ್ರೂ ಬಿಚ್ಚಿ ಬಂತು. ಕೈನಾತ ಕಣ್ಣೊರೆಸಿಕೊಂಡು, ಬಂದ ಸ್ಕ್ರೂಗಳನ್ನು ಸಾಲಾಗಿ ಇಟ್ಟಳು. ಹನ್ನೊಂದು ಆದವು. ಅಮ್ಮಿ ಉಗುರು ಸಿಕ್ಕಿಸಿ ತಳದ ಮುಚ್ಚಳ ಎಬ್ಬಿಸಿದಳು.

ಇಬ್ಬರೂ ಬಗ್ಗಿ ನೋಡಿದರು. ಒಳಗೆ ಅರ್ಧಕ್ಕರ್ಧ ಖಾಲಿ.

ಹಾರ್ಡ್ ಡಿಸ್ಕ್ ಇರಬೇಕಾದ ಜಾಗದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ರಾಮ್ ಇರಲಿಲ್ಲ. ಎಡಗಡೆಯ ಸ್ಪೀಕರೂ ಇರಲಿಲ್ಲ. ಖಾಲಿ ಇದ್ದ ಪ್ರತಿಯೊಂದು ಜಾಗದಲ್ಲೂ ಬಿಳಿಯ ಟೇಪಿನ ಸಣ್ಣ ತುಂಡು ಅಂಟಿಸಿತ್ತು. ಮೇಲೆ ನೀಲಿ ಪೆನ್ನಿನ ಅಕ್ಷರ, ಎಡಕ್ಕೆ ವಾಲಿದ್ದು. ಹಾಗೆ ಬರೆಯುವವನು ಅಬ್ಬಾ ಒಬ್ಬನೇ.

ಕೈನಾತ ಓದಿದಳು.

“ರಾಮ್. ಕರೆಪ್ಪ ಕಾಕಾ, ಮಮದಾಪುರ.”

“ಹಾರ್ಡ್ ಡಿಸ್ಕ್. ಜುಲೇಖಾ ಟೀಚರ್, ಬಬಲೇಶ್ವರ.”

ಸ್ಪೀಕರಿನ ಜಾಗದಲ್ಲಿ ರಾಜಾರಾಮ ಎನ್ನುವವನ ಹೆಸರಿತ್ತು, ಅದರ ಕೆಳಗೆ ತಾರೀಖು. ಅಬ್ಬಾಗೆ ಜ್ವರ ಬರುವುದಕ್ಕೆ ಹತ್ತು ದಿನ ಮೊದಲಿನದು.

“ಕರೆಪ್ಪನ ಮಷೀನಿಗೆ ರಾಮ್ ಎಲ್ಲಿ ಸಿಕ್ತು ಅಂತ ನಿಮ್ಮ ಅಬ್ಬಾಗ ಕೇಳಿದ್ನಿ,” ಎಂದಳು ಅಮ್ಮಿ. ಅವಳ ದನಿ ಸಣ್ಣಗಾಗಿತ್ತು. “ಸಿಕ್ತು ಬಿಡ ಅಂದಿದ್ದ. ನನ್ನ ಮುಂದ ಒಂದ ಮಾತ ಹೇಳಲಿಲ್ಲ ನೋಡ.”

ಕೈನಾತಳಿಗೆ ಮೊದಲು ಬಂದದ್ದು ಸಿಟ್ಟು. ಒಂದು ವರ್ಷ ತಾನು ಕಾದದ್ದು ಈ ಖಾಲಿ ಡಬ್ಬಿಯನ್ನೇ? ಅಬ್ಬಾ ತನಗೂ ಹೇಳಿರಲಿಲ್ಲ. ಕಾರ್ಟೂನು ನೋಡಿದ ಲ್ಯಾಪ್‌ಟಾಪನ್ನು ಚೂರು ಚೂರೇ ತೆಗೆದು ಊರೂರಿಗೆ ಕೊಟ್ಟಿದ್ದ. ಅವಳು ಮತ್ತೊಮ್ಮೆ ಓದಿದಳು. ಮೂರನೆಯ ಸಲ ಓದುವಾಗ ಸಿಟ್ಟು ಎಲ್ಲಿಗೋ ಹೋಗಿತ್ತು, ಅಬ್ಬಾ ಬಹಳ ನೆನಪಾದ. ಟೇಪು ಹರಿಯುವಾಗ ಅವನು ಹಲ್ಲಿನಿಂದ ಕಚ್ಚುತ್ತಿದ್ದದ್ದು ಕೂಡ ನೆನಪಾಯಿತು. ಅವಳು ಅಮ್ಮಿಯ ತೋಳಿಗೆ ಮುಖ ಒತ್ತಿ ಅತ್ತಳು. ಅಮ್ಮಿಯೂ ಅತ್ತಳು. ಅಂಗಡಿಗೆ ಯಾರೋ ಬಂದು, ಬಾಗಿಲಲ್ಲೇ ನಿಂತು ನೋಡಿ, ಸುಮ್ಮನೆ ತಿರುಗಿ ಹೋದರು.

ಆಮೇಲೆ ಅಮ್ಮಿ ಮೂಗೊರೆಸಿಕೊಂಡು ಕೆಲಸಕ್ಕೆ ಕೂತಳು. ಸ್ಕ್ರೀನಿನ ಸುತ್ತಲಿನ ಚೌಕಟ್ಟು ಬಿಚ್ಚಿ, ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಕೇಬಲ್ಲಿಗೆ ಏನೂ ಆಗಿರಲಿಲ್ಲ.

“ಫ್ಯಾನ್ ಚಲೋ ಐತಿ,” ಎಂದಳು. “ಕೀಬೋರ್ಡೂ ಐತಿ. ಸ್ಕ್ರೀನ್ ಮಾತ್ರ ಇನ್ನ ಯಾರಿಗೂ ಕೆಲಸಕ್ಕ ಬರಂಗಿಲ್ಲ.”

ಬೈಗುಳವಲ್ಲ, ಇದ್ದದ್ದನ್ನೇ ಹೇಳಿದ್ದು. ಆದರೂ ಕೈನಾತಳಿಗೆ ಅದು ನಾಟಿತು. ಆ ಸ್ಕ್ರೀನಿಗೂ ಒಂದು ದಿನ ಯಾರಾದರೂ ಬರುತ್ತಿದ್ದರು. ಯಾವ ಊರಿನವರೋ, ಏನು ಹೆಸರಿನವರೋ. ಅವರಿಗೆ ಇನ್ನು ಅದು ಸಿಗುವುದಿಲ್ಲ.

ಕೇಬಲ್ಲು ಹೋದ ಜಾಗ ಬರಿದಾಗಿತ್ತು. ಕೈನಾತ ಡ್ರಾದಿಂದ ಟೇಪು ತೆಗೆದು ಸಣ್ಣ ತುಂಡು ಕತ್ತರಿಸಿದಳು. ಪೆನ್ನು ತೆಗೆದುಕೊಂಡು ಬರೆದಳು. ‘ಕೇಬಲ್. ಆಮ್ರಪಾಲಿ ಅಕ್ಕ, ಬಿಜ್ಜರಗಿ.’ ಜಾಗ ಸಾಲದೆ ಕೊನೆಯ ಅಕ್ಷರ ಕೆಳಗೆ ಇಳಿಯಿತು. ಅದನ್ನು ಅಂಟಿಸಿ, ಬೆರಳಿನಿಂದ ಒತ್ತಿದಳು.

ಶನಿವಾರ ಆಮ್ರಪಾಲಿ ಮೊದಲ ಬಸ್ಸಿಗೇ ಬಂದಳು. ಅಮ್ಮಿ ಗುಂಡಿ ಒತ್ತಿದಳು. ಸ್ಕ್ರೀನು ಬೆಳಗಿತು. ಆಮ್ರಪಾಲಿ ಒಂದು ಕೀ ಒತ್ತಿ ನೋಡಿದಳು, ಅಕ್ಷರ ಮೂಡಿತು. ಇನ್ನೊಂದು ಒತ್ತಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

“ಎಲ್ಲೂ ಇಲ್ಲಂತ ಹೇಳಿದ್ರಲ್ರಿ ಅಕ್ಕಾರ. ಎಲ್ಲಿ ಸಿಕ್ತ್ರಿ ಕೇಬಲ್?”

ಅಮ್ಮಿ ತಲೆ ತಗ್ಗಿಸಿ ಚಾರ್ಜರಿನ ವೈರು ಸುತ್ತತೊಡಗಿದಳು.

“ನಮ್ಮ ಅಬ್ಬಾ ಕೊಟ್ಟಾನ್ರಿ,” ಎಂದಳು ಕೈನಾತ.

“ಹೌದಾ? ಭಾಳ ಉಪಕಾರ ಆತು ನೋಡವಾ. ಅವರಿಗೆ ನಾ ಹೇಳೇನಿ ಅಂತ ಹೇಳ ಮತ್ತ.”

“ಹೇಳ್ತೇನ್ರಿ.”

ಆಮ್ರಪಾಲಿ ಲ್ಯಾಪ್‌ಟಾಪನ್ನು ಓಢಣಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಸ್ಸಿನ ಕಡೆಗೆ ಓಡಿದಳು. ಕೈನಾತ ಬಾಗಿಲಿಗೆ ಬಂದು, ಅವಳು ಹತ್ತುವುದನ್ನು, ಕಿಟಕಿಯ ಸೀಟು ಹಿಡಿಯುವುದನ್ನು, ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನಿಂತಳು.