ಸೆವಿಲಾಯಳ ಮಿನಿಬಸ್ಸು

"ಅಣ್ಣಾ, ಗಡಿಯಾರದ ಗೋಪುರದ ಹತ್ರ ಒಂಚೂರು ನಿಲ್ಸಿ!"

ಹಿಂದಿನ ಸೀಟಿನಿಂದ ಕೂಗಿದವನು ಹೊಸಬ. ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡ ಒಂದು ಬಾತುಕೋಳಿ. ಸೆವಿಲಾಯ್ ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿ, ಟೋಪಿ ಹಿಂದಕ್ಕೆ ಸರಿಸಿ, ಮೇಲಿನ ಕನ್ನಡಿಯಲ್ಲಿ ಅವನನ್ನು ನೋಡಿದಳು. ಅವನೂ ನೋಡಿದ. ಅವನ ಮುಖ ಕಿವಿಯ ತುದಿಯವರೆಗೂ ಕೆಂಪಾಗುವುದನ್ನು ದೀಪ ಹಸಿರಾಗುವ ತನಕ ಮಜವಾಗಿ ನೋಡಿದಳು.

"ಅಣ್ಣ ಅಲ್ಲ ಕಣಪ್ಪಾ, ನಮ್ಮ ಸೆವಿಲಾಯ್," ಎಂದಳು ಮುಂದಿನ ಸಾಲಿನ ಜೆಮಿಲೆ ಅಜ್ಜಿ. "ಡಾಕ್ಟ್ರಂತೆ, ಕಣ್ಣೇ ಕಾಣ್ಸಲ್ಲ!"

"ದನದ ಡಾಕ್ಟ್ರು ಅಜ್ಜಿ."

"ಹಂಗಾದ್ರೆ ಸರಿ ಬಿಡು."

ಬಸ್ಸೆಲ್ಲ ಗೊಳ್ಳೆಂದಿತು. ಬಾತುಕೋಳಿಯೂ ದನಿ ಸೇರಿಸಿತು.

ಅವನ ಹೆಸರು ಓರ್ಕುನ್. ಅಂಕಾರಾದಲ್ಲಿ ಓದು ಮುಗಿಸಿ, ಹುಟ್ಟೂರು ಅಮಾಸ್ಯಾಕ್ಕೆ ಮರಳಿ ಕ್ಲಿನಿಕ್ ತೆರೆದಿದ್ದ. ಮನೆಯಿಂದ ಕ್ಲಿನಿಕ್ಕಿಗೆ ನಡೆದರೆ ಹತ್ತೇ ನಿಮಿಷ. ಆದರೂ ಮರುದಿನದಿಂದ ದಿನಾ ಬೆಳಿಗ್ಗೆ ಎಂಟೂಕಾಲಿಗೆ ಸೇತುವೆಯ ಬಳಿ ಸೆವಿಲಾಯಳ ಮಿನಿಬಸ್ಸಿಗೆ ಕೈ ತೋರಿಸತೊಡಗಿದ. ಡ್ರೈವರ್ ಪಕ್ಕದ ಸೀಟು ಖಾಲಿ ಇಲ್ಲದಿದ್ದರೆ, "ಪರ್ವಾಗಿಲ್ಲ, ಮುಂದಿನದಕ್ಕೆ ಬರ್ತೀನಿ," ಎನ್ನುತ್ತಿದ್ದ. ಮುಂದಿನದೆಂದರೆ ಅವಳೇ ಒಂದು ಸುತ್ತು ಮುಗಿಸಿ ಬರುವುದು.

"ನಿಮ್ಮ ಕ್ಲಿನಿಕ್ ದಾಟಿ ಎರಡು ಸ್ಟಾಪ್ ಆಯ್ತು," ಎಂದಳು ಒಂದು ದಿನ, ರಸ್ತೆಯಿಂದ ಕಣ್ಣು ತೆಗೆಯದೆ.

"ಗೊತ್ತು."

"ಹಸು ಕಾಯ್ತಿರಲ್ವಾ?"

"ಹಸುಗೆ ತಾಳ್ಮೆ ಜಾಸ್ತಿ. ನನಗೇ ಕಮ್ಮಿ."

ಅವಳು ಗೇರ್ ಬದಲಿಸಿದಳು. ಬದಲಿಸುವ ಅಗತ್ಯವೇನೂ ಇರಲಿಲ್ಲ. ನಗು ತಡೆಯಲು ಕೈಗೆ ಏನಾದರೂ ಕೆಲಸ ಬೇಕಿತ್ತು.

ಈ ಬಸ್ಸು ಅವಳ ಅಪ್ಪ ರಾಸಿಮರದು. ಎರಡು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಾಗ, ಸಾಮ್ಸುನ್‌ನಲ್ಲಿದ್ದ ಅಣ್ಣ ಹಲ್ದುನ್ ಫೋನಿನಲ್ಲೇ ತೀರ್ಪು ಕೊಟ್ಟಿದ್ದ: "ಮಾರಿಬಿಡಿ." ಸೆವಿಲಾಯ್ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ಗಂಡಸರನ್ನು ತುಂಬಿಕೊಂಡು ಊರೆಲ್ಲ ತಿರುಗುವ ಹುಡುಗಿಯಿಂದ ಮನೆ ಮರ್ಯಾದೆ ಏನಾದೀತೆಂದು ಚಿಕ್ಕಪ್ಪಂದಿರು ವಾರಗಟ್ಟಲೆ ಗೊಣಗಿದರು. ಮೊದಲ ತಿಂಗಳು ಅವಳ ಮುಖ ನೋಡಿ ಇಳಿದುಹೋದವರೂ ಇದ್ದರು. ಈಗ ಬೆಟ್ಟದ ಮೇಲಿನ ಹಳ್ಳಿಗಳ ಹೆಂಗಸರು ಬೇರೆ ಬಸ್ಸು ಬಂದರೂ ಹತ್ತದೆ ಅವಳಿಗಾಗಿಯೇ ಕಾಯುತ್ತಿದ್ದರು.

ಅಕ್ಟೋಬರಿನಲ್ಲಿ, ಸೇಬಿನ ತೋಟಗಳ ಪಕ್ಕದ ಕೊನೆಯ ಸ್ಟಾಪಿನಲ್ಲಿ, ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಓರ್ಕುನ್ ಇದ್ದಕ್ಕಿದ್ದಂತೆ ಹೇಳಿದ, "ಸೆವಿಲಾಯ್, ನನಗೆ ಎಲ್ಲೂ ಇಳಿಯೋಕೆ ಮನಸ್ಸಿಲ್ಲ."

ಅವಳು ಚಹಾದ ಲೋಟದೊಳಗೆ ನೋಡಿದಳು, ತೋಟ ನೋಡಿದಳು, ಕೊನೆಗೆ ಅವನನ್ನೂ ನೋಡಿದಳು. "ನಾನೇನು ಇಳಿ ಅಂದ್ನಾ?"

ಮುಂದಿನ ಶುಕ್ರವಾರ ಸಂಜೆ ಗಂಡಿನ ಕಡೆಯವರು ಹೂವು, ಚಾಕಲೇಟು ಹಿಡಿದು ಹೆಣ್ಣು ಕೇಳಲು ಬಂದರು. ವಾಡಿಕೆಯಂತೆ ಎಲ್ಲರ ಕಾಫಿಗೆ ಸಕ್ಕರೆ, ಹುಡುಗನ ತಾಳ್ಮೆ ನೋಡಲು ಅವನ ಕಾಫಿಗೆ ಮಾತ್ರ ಉಪ್ಪು. ಸೆವಿಲಾಯ್ ಧಾರಾಳವಾಗಿ ಮೂರು ಚಮಚ ಹಾಕಿದ್ದಳು. ಓರ್ಕುನ್ ಕಣ್ಣಲ್ಲಿ ನೀರು ತುಂಬಿಕೊಂಡು, ಮುಖ ಕಿವುಚದೆ ತಳದವರೆಗೂ ಕುಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಅವನ ತಾಯಿ ಮುನೆವ್ವೆರ್ ಕೈಚೀಲ ತೊಡೆಯ ಮೇಲೆ ಸರಿಮಾಡಿಕೊಂಡು ಹೇಳಿದರು: "ಹುಡುಗಿ ಬಂಗಾರದಂಥವಳು. ಒಂದೇ ಮಾತು. ಮದುವೆ ಆದ್ಮೇಲೆ ಆ ಬಸ್ಸು ಬೇಡ. ಊರಲ್ಲಿ ನಮಗೂ ಒಂದು ಹೆಸರಿದೆ. ನಮ್ಮನೆ ಸೊಸೆ ಕಂಡಕಂಡ ಗಂಡಸರನ್ನ ಹತ್ತಿಸ್ಕೊಂಡು ತಿರುಗೋದು ಚೆನ್ನಾಗಿರಲ್ಲ."

"ಸರಿಯಾಗೇ ಹೇಳಿದ್ರಿ ಅಮ್ಮಾ," ಎಂದ ಹಲ್ದುನ್. ಇದಕ್ಕೆಂದೇ ಅವನು ಸಾಮ್ಸುನ್‌ನಿಂದ ಬಂದಿದ್ದ.

ಸೆವಿಲಾಯ್ ಓರ್ಕುನ್‌ನತ್ತ ನೋಡಿದಳು. ಈಗ ಮಾತಾಡುತ್ತಾನೆ, ಈಗ. ಅವನು ಖಾಲಿ ಕಪ್ಪಿನ ತಳವನ್ನೇ ನೋಡುತ್ತ ಕೂತಿದ್ದ.

ಅವಳು ತಟ್ಟೆಗೆ ಕಪ್ಪುಗಳನ್ನು ಜೋಡಿಸಿಕೊಂಡಳು. "ಅಪ್ಪಾ, ನೀವು ಉತ್ತರ ಕೊಡೋಕೆ ಮುಂಚೆ ನಂದು ಹೇಳ್ಬಿಡ್ತೀನಿ. ನಾನು ಒಲ್ಲೆ."

ಬಂದವರು ಎದ್ದು ಹೋದರು. "ಮನೆ ಮಾನ ಕಳೆದೆ!" ಎಂದು ಹಲ್ದುನ್ ಕೂಗಾಡಿದ. ರಾಸಿಮ್ ಬೆನ್ನಿಗೊಂದು ದಿಂಬು ಇಟ್ಟುಕೊಂಡು ಮಗನಿಗೆ ಹೇಳಿದರು, "ಸ್ಟೇರಿಂಗ್ ಹಿಡಿಯೋದು ಕಲಿಸಿದವನು ನಾನೇ ಕಣೋ. ಎಲ್ಲಿ ತಿರುಗಬೇಕು ಅಂತ ಅವಳು ಇನ್ನೊಬ್ಬರನ್ನ ಕೇಳ್ತಾಳೆ ಅಂದ್ಕೊಂಡ್ಯಾ?"

ಅಡುಗೆಮನೆಯಲ್ಲಿ ಸೆವಿಲಾಯ್ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ನಾಲ್ಕು ದಿನ ಸೇತುವೆಯ ಬಳಿ ಕೈ ತೋರಿಸುತ್ತ ನಿಂತವನನ್ನು ದಾಟಿ ಬಸ್ಸು ಭರ್ರನೆ ಹೋಯಿತು. ಐದನೆಯ ದಿನ ಜೆಮಿಲೆ ಅಜ್ಜಿಗೆ ತಡೆಯಲಾಗಲಿಲ್ಲ. "ನಿಲ್ಸೇ ತಾಯಿ. ಅವನ ಮುಖ ನೋಡಿ ನಂಗೆ ದಿನಾ ತಿಂಡಿ ಸೇರ್ತಿಲ್ಲ."

ಬಾಗಿಲು ತೆರೆಯಿತು. ಓರ್ಕುನ್ ಮೆಟ್ಟಿಲ ಮೇಲೇ ನಿಂತ. "ತಪ್ಪಾಯ್ತು ಸೆವಿಲಾಯ್. ಹೆದರ್ಕೊಂಡೆ."

"ನನ್ನ ಹತ್ರ ಹೇಳಿ ಏನು ಬಂತು? ಎಲ್ಲಿ ಬಾಯಿ ಮುಚ್ಕೊಂಡು ಕೂತಿದ್ಯೋ ಅಲ್ಲೇ ಬಂದು ಬಾಯಿ ಬಿಡು."

ಭಾನುವಾರ ಅವನು ಬಂದ, ಒಬ್ಬನೇ. ಹಿರಿಯರಿಲ್ಲದೆ ಗಂಡು ಬರುವ ಪದ್ಧತಿ ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಕಿಟಕಿಯ ಪರದೆಗಳೆಲ್ಲ ಒಂದೊಂದು ಬೆರಳು ಸರಿದವು. ಪಡಸಾಲೆಯಲ್ಲಿ ಅಪ್ಪ, ರಜೆಗೆ ಮತ್ತೆ ಬಂದಿದ್ದ ಅಣ್ಣ, ಚಿಕ್ಕಪ್ಪಂದಿರ ಎದುರು ಅವನು ನಿಂತೇ ಮಾತಾಡಿದ. "ಅಮ್ಮನಿಗೂ ಇದನ್ನೇ ಹೇಳಿ ಬಂದೆ. ಅವರು ಮುನಿಸ್ಕೊಂಡಿದಾರೆ. ಬಸ್ಸು ಓಡ್ಸೋ ಹುಡುಗಿನೇ ನಾನು ಮೆಚ್ಚಿದ್ದು. ಅವಳ ಕೀಲಿಕೈ ಕಿತ್ಕೊಂಡು ಬರೋ ಮರ್ಯಾದೆ ನನಗೆ ಬೇಡ. ಆವತ್ತೇ ಇದನ್ನ ಹೇಳ್ಬೇಕಿತ್ತು. ಹೇಳದೆ ಹೋಗಿದ್ದು ನನ್ನ ಹೇಡಿತನ."

ಬಾಗಿಲ ಮರೆಯಲ್ಲಿ ಸೆವಿಲಾಯ್ ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಆದರೂ ಅವಳು ಹೊರಗೆ ಬಂದು, "ಯೋಚ್ನೆ ಮಾಡ್ತೀನಿ," ಎಂದಷ್ಟೇ ಹೇಳಿದಳು.

ಬುಧವಾರ ಸಂಜೆ, ಬಸ್ಸು ತುಂಬಿ ತುಳುಕುವ ಹೊತ್ತಿನಲ್ಲಿ ಮುನೆವ್ವೆರ್ ಹತ್ತಿದರು. ಕೊನೆಯ ಸಾಲಿನಲ್ಲಿ ಕೂತು, ಟಿಕೆಟ್ಟಿನ ದುಡ್ಡನ್ನು ಎಲ್ಲರಂತೆ ಕೈಯಿಂದ ಕೈಗೆ ಮುಂದಕ್ಕೆ ಕಳಿಸಿದರು. ಕನ್ನಡಿಯಲ್ಲಿ ಅವರನ್ನು ಕಂಡ ಸೆವಿಲಾಯ್ ಟೋಪಿ ಸರಿಮಾಡಿಕೊಂಡಳು.

ಆಸ್ಪತ್ರೆ ದಾಟುವಾಗ ಅದೇ ಕನ್ನಡಿಯಲ್ಲಿ ಇನ್ನೊಂದು ಕಂಡಿತು. ಕಾಲೇಜು ಹುಡುಗಿಯೊಬ್ಬಳು ಕಿಟಕಿಗೆ ಒತ್ತಿಕೊಂಡು ಮುದುಡಿದ್ದಳು, ಪಕ್ಕದ ಗಂಡಸು ಬೇಕೆಂದೇ ಮೈಮೇಲೆ ಬೀಳುತ್ತಿದ್ದ. ಸೆವಿಲಾಯ್ ಬಸ್ಸನ್ನು ಬದಿಗೆ ಹಾಕಿ, ಒಳಗಿನ ದೀಪವೆಲ್ಲ ಹಚ್ಚಿದಳು.

"ಇಳಿಯಣ್ಣಾ."

"ನಾನೇನ್ ಮಾಡ್ದೆ?"

"ಆ ಹುಡುಗಿ ಮುಖ ಹೇಳ್ತಿದೆ. ನಿನ್ನ ದುಡ್ಡು ತಗೊ, ಇಳಿ."

"ಹೆಂಗಸಿನ ಕೈಲಿ ಹೇಳಿಸ್ಕೋಬೇಕಾ ನಾನು?"

"ಬೇಡ. ಪೊಲೀಸ್ ಕೈಲಿ ಹೇಳಿಸ್ತೀನಿ, ಸ್ಟೇಷನ್ ದಾರೀಲೇ ಇದೆ."

ಬಸ್ಸಿನ ಗಂಡಸರಲ್ಲಿ ಇಬ್ಬರು ಎದ್ದು ನಿಂತರು. ಅವನು ಗೊಣಗುತ್ತ ಇಳಿದ.

ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾಯಿತು. ಮುನೆವ್ವೆರ್ ಮಾತ್ರ ಇಳಿಯಲಿಲ್ಲ. ಮೆಲ್ಲಗೆ ಮುಂದೆ ಬಂದು ಡ್ರೈವರ್ ಪಕ್ಕ ಕೂತರು.

"ಹತ್ತೊಂಬತ್ತು ವರ್ಷ ನಂಗೆ. ಅಂಕಾರಾದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು," ಎಂದರು, ಮುಂದಿನ ಗಾಜು ನೋಡುತ್ತ. "ಹೋಗೋ ಬಸ್ಸಲ್ಲಿ ಇಂಥವನೇ ಒಬ್ಬ. ಕೂಗಿದೆ. ಡ್ರೈವರ್ ತಿರುಗಿ ನೋಡ್ಲಿಲ್ಲ. ನಮ್ಮಪ್ಪ ವಿಷಯ ಕೇಳಿ, ಮನೆತನದ ಹೆಸರು ಮುಖ್ಯ, ಓದಿದ್ದು ಸಾಕು ಅಂದ್ರು. ಅವತ್ತಿಂದ ನಾನೂ ಹೆಸರು ಹೆಸರು ಅಂತ ಜಪ ಮಾಡ್ತಾ ಬಂದೆ." ಮೂಗು ಒರೆಸಿಕೊಂಡರು. "ನಿನ್ನಂಥವಳು ಅವತ್ತು ಬಸ್ಸು ಓಡ್ಸಿದ್ರೆ ನಾನು ನರ್ಸ್ ಆಗಿರ್ತಿದ್ದೆ ಮಗಳೇ. ನನ್ನ ಷರತ್ತು ವಾಪಸ್ ತಗೊಂಡೆ. ಮಗನನ್ನ ಕ್ಷಮಿಸೋದು ಬಿಡೋದು ನಿಂಗೆ ಬಿಟ್ಟಿದ್ದು."

ಸೆವಿಲಾಯ್ ಅವರ ಕೈ ಹಿಡಿದು ಹಣೆಗೊತ್ತಿಕೊಂಡಳು.

ಮರುದಿನ ಬೆಳಿಗ್ಗೆ ಓರ್ಕುನ್ ಹತ್ತಿದಾಗ ಅವಳು ಬಸ್ಸನ್ನು ಸೇತುವೆಯ ಮೇಲೇ ನಿಲ್ಲಿಸಿದಳು. ಹಿಂದೆ ಹಾರ್ನುಗಳು ಮೊರೆಯತೊಡಗಿದವು.

"ಈ ಸಲ ಕೇಳೋದು ನಾನು. ಓರ್ಕುನ್, ನನ್ನನ್ನ ಮದುವೆ..."

"ಆಗ್ತೀನಿ!"

"ಪೂರ್ತಿ ಕೇಳೋಕಾದ್ರೂ ಬಿಡು!"

"ಬಿಡಲ್ಲ. ಮತ್ತೆ ತಡ ಆಗ್ಬಿಟ್ರೆ?"

"ಮುತ್ತುಗಿತ್ತು ಎಲ್ಲ ಸಂಜೆಗಿಟ್ಕೊಳ್ಳಿ," ಎಂದಳು ಜೆಮಿಲೆ ಅಜ್ಜಿ. "ಸಂತೆಗೆ ಹೊತ್ತಾಯ್ತು."

ಮೇ ತಿಂಗಳಲ್ಲಿ ಮದುವೆಯಾಯಿತು. ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ ಹಲ್ದುನ್ ಆ ಬೆಳಿಗ್ಗೆ ಯಾರಿಗೂ ಹೇಳದೆ ಎದ್ದು, ಬಸ್ಸನ್ನು ತೊಳೆದು ಹೂವು ಕಟ್ಟಿದ. ಮದುವೆ ದಿಬ್ಬಣ ಹಾರ್ನು ಬಾರಿಸುತ್ತ ನದಿಯ ದಂಡೆಯಲ್ಲಿ ಸಾಗಿದಾಗ ಎಲ್ಲಕ್ಕೂ ಮುಂದಿದ್ದದ್ದು ಅದೇ ಮಿನಿಬಸ್ಸು. ಬಿಳಿ ಗೌನಿನ ತೋಳು ಮಡಚಿಕೊಂಡು ಮದುಮಗಳೇ ಓಡಿಸುತ್ತಿದ್ದಳು. ಪಕ್ಕದ ಸೀಟು ಬಿಟ್ಟುಕೊಡಲು ಅತ್ತೆ ಸುತರಾಂ ಒಪ್ಪದ್ದರಿಂದ, ಮದುಮಗ ಹಿಂದೆ ಜೋತುಪಟ್ಟಿ ಹಿಡಿದು, ಹಲ್ಲು ಕಿರಿಯುತ್ತ, ನಿಂತುಕೊಂಡೇ ಬಂದ.