ಹೊನ್ನೋಜನ ಉದ್ದ ಕೈಗಳು

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ನಡುವೆ ಕುಸುಮಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಗೋಡೆಗಳ ಮೇಲೆ, ನೂರು ವರ್ಷದ ಕೆಳಗೆ ಬಾಳಿದ ಹೊನ್ನೋಜ ಎಂಬ ಚಿತ್ರಗಾರ ಬರೆದ ಚಿತ್ರಗಳಿದ್ದವು. ಅವನು ಬರೆದ ಹೆಂಗಸರ ಕುತ್ತಿಗೆ ತಾವರೆಯ ದಂಟಿನಷ್ಟು ಉದ್ದ, ಕೈಗಳು ಬಳ್ಳಿಯಷ್ಟು ಉದ್ದ. ಮಲ್ಲಾಂಬೆ ಎಂಬ ಗುರು ಆ ಗೋಡೆಗಳ ಮುಂದೆ ಏಳು ಮಕ್ಕಳನ್ನು ಕೂರಿಸಿಕೊಂಡು ಚಿತ್ರ ಕಲಿಸುತ್ತಿದ್ದಳು. "ಹೊನ್ನೋಜನ ಹಾಗೆ ಬರೆಯಿರಿ, ಹೆದರಬೇಡಿ" ಎನ್ನುತ್ತಿದ್ದಳು.

ಒಂದು ದಿನ ಮೊಳಮಾಯ ಎಂಬ ಮಾಂತ್ರಿಕ ಅಳತೆಯ ಹಗ್ಗ ಹಿಡಿದು ಆಸ್ಥಾನಕ್ಕೆ ಬಂದ. ಗೋಡೆ ಅಳೆದು ನಕ್ಕ. "ಮಹಾರಾಜ, ಇವರು ಮನುಷ್ಯರೋ, ಕೊಕ್ಕರೆಗಳೋ?"

ರಾಜ ನಕ್ಕ. ಸಭೆಯೂ ನಕ್ಕಿತು.

"ಗುರುವನ್ನೇ ಕೇಳೋಣ. ಇದು ಸರಿಯೋ, ತಪ್ಪೋ?" ಎಂದ ರಾಜ.

ಎಲ್ಲರ ಕಣ್ಣೂ ಮಲ್ಲಾಂಬೆಯ ಮೇಲೆ ಬಿತ್ತು.

"ತಪ್ಪು, ಪ್ರಭು. ಆ ಮುದುಕ ಹೊನ್ನೋಜನಿಗೆ ಅಳತೆ ಗೊತ್ತಿರಲಿಲ್ಲ" ಎಂದುಬಿಟ್ಟಳು.

"ಗುರು ಕೈಬಿಟ್ಟದ್ದೆಲ್ಲ ನನ್ನದು!" ಎಂದ ಮೊಳಮಾಯ. ಗೋಡೆಗಳು ಬೋಳಾದವು. ಏಳು ಮಕ್ಕಳೂ ಗೇಣುದ್ದದವರಾದರು. ಅವನು ಅವರನ್ನು ಬುಟ್ಟಿಗೆ ತುಂಬಿಕೊಂಡು ಕಲ್ಲುಬೆಟ್ಟಕ್ಕೆ ಹಾರಿಹೋದ.

ಪದುಮಿ ಎಂಬ ಹುಡುಗಿಯ ತಾಯಿ ಓಡಿಬಂದಳು. ಬೈಯಲಿಲ್ಲ. "ಅಮ್ಮಾ, ನಿಮಗೆ ಗೊತ್ತಿತ್ತಲ್ಲ?" ಎಂದಳು, ಅಷ್ಟೇ. ಮಲ್ಲಾಂಬೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸೆರಗನ್ನು ಮುಖಕ್ಕೆಳೆದುಕೊಂಡು ಬೆಟ್ಟದ ಕಡೆ ನಡೆದಳು.

ಮೊದಲ ಬಾಗಿಲಲ್ಲಿ ನೀಲಿ ಹುಲಿ ಮಲಗಿತ್ತು. "ಯಾರು ನೀನು?"

"ಆ ಮಕ್ಕಳ ಗುರು."

ಹುಲಿ ಹಲ್ಲು ಕಿರಿಯಿತು. ಅವಳು ತಲೆ ತಗ್ಗಿಸಿದಳು. "ಅವರ ಮುಂದೆಯೇ ಸುಳ್ಳಾಡಿದವಳು."

ಹುಲಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಮೂರು ಹೆಡೆಯ ಹಾವು. "ಯಾಕೆ ಸುಳ್ಳಾಡಿದೆ?"

"ರಾಜನಿಗೆ ಹೆದರಿ."

ಹಾವು ಬುಸುಗುಟ್ಟಿತು. ಅವಳು ಅಳುತ್ತಾ ಹೇಳಿದಳು: "ಅಲ್ಲ. ನಗುವವರ ಸಾಲಿನಲ್ಲಿ ನಾನೂ ಇರಬೇಕು ಅನ್ನಿಸಿತು."

ಹಾವು ಹೆಡೆ ಮಡಚಿತು.

ಮೂರನೆಯ ಬಾಗಿಲಲ್ಲಿ ಮೊಳಮಾಯನೇ ನಿಂತಿದ್ದ. ಅವನ ಹಿಂದೆ ಆಳದ ಹೊಂಡ. ಹೊಂಡದ ತಳದಲ್ಲಿ ಮಕ್ಕಳು. "ಬಂಡೆಯ ಮೇಲೆ ಒಬ್ಬ ತಾಯಿಯನ್ನು ಬರೆ. ನನ್ನ ಹಗ್ಗ ಅವಳ ಕೈಯನ್ನು ಅಳೆದು ಮುಗಿಸಿದರೆ ನೀನೂ ನನ್ನವಳು" ಎಂದ.

ಅವಳು ಇದ್ದಿಲು ಎತ್ತಿಕೊಂಡಳು. ಹೊಂಡಕ್ಕೆ ಬಾಗಿ, "ಮಕ್ಕಳೇ, ಹೇಗೆ ಬರೆಯಲಿ? ನನಗೆ ಕಲಿಸಿ" ಎಂದಳು.

ಕೆಳಗಿನಿಂದ ಪದುಮಿಯ ಸಣ್ಣ ದನಿ ಬಂತು. "ನಾನು ಬಾವಿಗೆ ಬಿದ್ದಾಗ ನಮ್ಮವ್ವನ ಕೈ ತಳದವರೆಗೂ ಬಂದಿತ್ತು, ಅಮ್ಮಾ. ಹಾಗೆ ಬರೀರಿ."

ಮಲ್ಲಾಂಬೆ ಹಾಗೇ ಬರೆದಳು. ಬಂಡೆಯ ಮೇಲಿನ ಕೈ ಬೆಳೆಯಿತು. ಬಂಡೆ ದಾಟಿತು, ಹೊಂಡಕ್ಕಿಳಿಯಿತು. ಮೊಳಮಾಯ ಹಗ್ಗ ಹಿಡಿದು ಅದರ ಹಿಂದೆ ಓಡಿದ. ಹಗ್ಗ ಸಾಲದೆ ತನ್ನ ಕೂದಲನ್ನೇ ಕಟ್ಟಿದ, ಕೊನೆಗೆ ತನ್ನ ಮೈಯನ್ನೇ ನೂಲಾಗಿ ಎಳೆದ. ಎಳೆದೆಳೆದು ಗಾಳಿಯಲ್ಲಿ ಹರಿದುಹೋದ. ಕೈ ಏಳು ಮಕ್ಕಳನ್ನೂ ಮೇಲೆತ್ತಿತು. ಬಿಸಿಲು ತಾಗಿದೊಡನೆ ಅವರು ಮೊದಲಿನಂತಾದರು.

ಅರಮನೆಯ ಗೋಡೆಗಳೂ ಮತ್ತೆ ಚಿತ್ರಗಳಿಂದ ತುಂಬಿಕೊಂಡಿದ್ದವು. ತುಂಬಿದ ಸಭೆಯಲ್ಲಿ ಮಲ್ಲಾಂಬೆ, "ತಪ್ಪು ಹೊನ್ನೋಜನದಲ್ಲ, ನನ್ನದು" ಎಂದಳು. ಈ ಸಲ ಯಾರೂ ನಗಲಿಲ್ಲ. ರಾಜನೂ ತಲೆ ತಗ್ಗಿಸಿದ.

ಅಲ್ಲಿಂದ ಮುಂದೆ ಕುಸುಮಗಿರಿಯ ಮಕ್ಕಳು ನೂರು ಕಾಲ ಸುಖವಾಗಿ ಬಾಳಿದರು. ಮಲ್ಲಾಂಬೆಯೂ ಬಾಳಿದಳು. ಹೊಸ ಮಗು ಕಲಿಯಲು ಬಂದಾಗಲೆಲ್ಲ, ಕುಂಚ ಕೊಡುವ ಮೊದಲು, ತಾನು ಅಂದು ಹೇಳಿದ ಸುಳ್ಳನ್ನು ತಾನೇ ಬಾಯಿಬಿಟ್ಟು ಹೇಳುತ್ತಿದ್ದಳು.