ಮಹಡಿ ಮನೆಯ ಅರ್ಜಿ

ಮೇಜಿನ ಡ್ರಾಯರ್ ಖಾಲಿ. ಬಾಡಿಗೆ ಅರ್ಜಿ ಮಾಯ. ಅದು ಸಾಲದೆಂಬಂತೆ ಬೆಳಗಿನ ಟಪಾಲಿನಲ್ಲಿ ಒಂದು ಕಾಗದ— ಮಹಡಿಗೆ ಬರಬೇಕಿದ್ದಾಕೆ ಬರುವುದಿಲ್ಲವಂತೆ.

ಗೋಂದಕ್ಕ ಅಳಲಿಲ್ಲ. ಕುದಿಯುತ್ತಿದ್ದರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಗೋಂದು ಹಚ್ಚಿ ಪುಸ್ತಕಗಳಿಗೆ ರಟ್ಟು ಹಾಕಿದವರು. ಗೋಂದಕ್ಕ ಎಂಬುದು ಅಲ್ಲಿಯವರೇ ಇಟ್ಟ ಹೆಸರು. ಅದೇ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು ನನ್ನ ದೊಡ್ಡಮ್ಮ. ನಿವೃತ್ತಿಯಾದರೂ ತಪ್ಪು ಹುಡುಕುವ ಚಟ ಬಿಟ್ಟಿರಲಿಲ್ಲ. ಹಾಗಾಗಿ ಫೋನು ನಮ್ಮ ಮನೆಗೇ ಬಂತು. ಬಾಲದ ಹಾಗೆ ನಾನೂ ಹೋದೆ.

ವಿಷಯ ಇಷ್ಟೇ. ಗೋಂದಕ್ಕ ಒಂಟಿ. ಮನೆ ಮಾರಿ ತನ್ನ ಜೊತೆ ಬಂದಿರು ಎಂದು ಅವರ ಅಣ್ಣ ವರ್ಷದಿಂದ ಬೆನ್ನುಬಿದ್ದಿದ್ದರು. ಕೊನೆಗೆ ಇವರೂ ಹಟಕ್ಕೆ ಬಿದ್ದು ಮಾತು ಕೊಟ್ಟರು: ಈ ಶುಕ್ರವಾರ ಸಂಜೆಯೊಳಗೆ ಮಹಡಿಯ ಕರಾರಿಗೆ ಸಹಿ ಬೀಳದಿದ್ದರೆ ಮನೆ ಮಾರುತ್ತೇನೆ. ತಾವೇ ಬೋರ್ಡು ಬರೆದು ಗೇಟಿಗೆ ತೂಗುಹಾಕಿದರು. ರಕ್ತಪರೀಕ್ಷೆಯ ಲ್ಯಾಬಿನಾಕೆಯೊಬ್ಬಳು ಕಳೆದ ವಾರ ಬಂದು ನೋಡಿ, ಮೆಚ್ಚಿ, ಅರ್ಜಿ ತುಂಬಿ ಕೊಟ್ಟಳು. ಸಹಿಯೊಂದೇ ಬಾಕಿ. ಇವತ್ತೇ ಶುಕ್ರವಾರ! ಆಕೆಯ ನಂಬರು, ವಿಳಾಸ ಎರಡೂ ಇದ್ದದ್ದು ಆ ಅರ್ಜಿಯಲ್ಲಿ ಮಾತ್ರ.

ಈ ವಾರ ಮನೆಯೊಳಗೆ ಬಂದವರು ಯಾರ್ಯಾರು?— ದೊಡ್ಡಮ್ಮ ಕೇಳಿದರು. ಮೂವರು. ತನ್ನನ್ನು ಬಿಟ್ಟು ಬಾಡಿಗೆಗೆ ಕೊಡುತ್ತಿದ್ದಾರೆಂದು ಮುಖ ಊದಿಸಿಕೊಂಡಿದ್ದ ದಲ್ಲಾಳಿ. ಮಹಡಿಯಲ್ಲಿ ಸ್ಟುಡಿಯೋ ಮಾಡುತ್ತೇನೆಂದು ಕೇಳಿ ಬೇಡವೆನ್ನಿಸಿಕೊಂಡ ಎದುರುಮನೆಯ ಫೋಟೋಗ್ರಾಫರ್. ಮತ್ತೆ ಭಾನುವಾರ ಊಟಕ್ಕೆ ಬಂದಿದ್ದ ಅಣ್ಣ. ಗೋಂದಕ್ಕನ ಗುಮಾನಿ ದಲ್ಲಾಳಿಯ ಮೇಲೆ. ಅಣ್ಣ ಎದುರಿಗೆ ಜಗಳ ಆಡುವವನೇ ಹೊರತು ಹಿಂದಿನಿಂದ ಏನೂ ಮಾಡುವವನಲ್ಲ ಎಂದರು.

ದೊಡ್ಡಮ್ಮ ಕನ್ನಡಕ ಏರಿಸಿ, ಟೈಪು ಮಾಡಿದ್ದ ಆ ಕಾಗದ ಓದಿದರು. ‘ಮೆಟ್ಟಿಲು ಬಹಳ ಕಡಿದು. ಬೆಕ್ಕಿನ ಕೋಣೆಯ ಗೋಡೆಯಲ್ಲಿ ತೇವವಿದೆ. ಬರಲಾಗುವುದಿಲ್ಲ, ಕ್ಷಮಿಸಿ.’ ಕೆಳಗೊಂದು ಗೀಚು ಸಹಿ.

“ಇದನ್ನ ಎಷ್ಟು ಸಲ ಓದಿದೆ?”

“ನಾಲ್ಕು ಸಲ, ಅಕ್ಕಾ. ತೇವ ಇರೋದು ನಿಜ.”

“ಬೆಕ್ಕು ಸಾಕಿದ್ದೀಯಾ?”

“ನಾನಾ? ಬೆಕ್ಕು ಹತ್ತಿರ ಬಂದ್ರೆ ಸೀನು ಶುರುವಾಗುತ್ತೆ ನಂಗೆ.”

“ಮತ್ತೆ ಬೆಕ್ಕಿನ ಕೋಣೆ ಅಂದ್ರೆ?”

“ಅದೇ, ಮೇಲಿನ ಸಣ್ಣ ಕೋಣೆ. ನಾವು ಚಿಕ್ಕವರಿದ್ದಾಗ ಅಲ್ಲಿ ಬೆಕ್ಕು ಮರಿ ಹಾಕಿತ್ತು. ಅವತ್ತಿಂದ—” ಮಾತು ಅರ್ಧಕ್ಕೇ ನಿಂತಿತು.

“ಲ್ಯಾಬಿನಾಕೆಗೆ ಏನಂತ ತೋರಿಸಿದೆ?”

“ಓದೋ ಕೋಣೆ ಅಂತ.”

“ದಲ್ಲಾಳಿಗೆ? ಫೋಟೋದವನಿಗೆ?”

“ಎಲ್ರಿಗೂ ಹಾಗೇ ಹೇಳಿದ್ದು.”

ದೊಡ್ಡಮ್ಮ ಕಾಗದ ಮಡಚಿದರು. “ನಾಲ್ಕು ಸಲ ಓದಿದ್ರೂ ನಿನಗೆ ಕಾಣಲಿಲ್ಲ. ಯಾಕಂದ್ರೆ ಅದು ನಿನ್ನ ಬಾಯಲ್ಲೇ ಇರೋ ಮಾತು. ಬರೆದವರಿಗೂ ಅಷ್ಟೇ, ಗೊತ್ತಿಲ್ಲದೇ ಬಂದುಬಿಟ್ಟಿದೆ. ಆ ಕೋಣೇನ ಹಾಗೆ ಕರೆಯೋರು ಈಗ ಇಬ್ಬರೇ. ನೀನಂತೂ ಬರೆದಿಲ್ಲ. ನಿನ್ನ ಅಣ್ಣ ಬರೆದಿದ್ದಾನೆ. ಸಹಿ ಹೋಲಿಸಿ ನೋಡಬಾರದು ಅಂತ ಅರ್ಜೀನೂ ಎತ್ತಿಕೊಂಡು ಹೋದ.”

ನಾಲ್ಕು ಗಂಟೆಗೆ ಅಣ್ಣ ಬಂದರು, ಕೈಯಲ್ಲಿ ಮನೆ ಮಾರಾಟದ ಕಾಗದಗಳ ಫೈಲು. ಗೋಂದಕ್ಕ ಬೈಯಲಿಲ್ಲ. ‘ಬೆಕ್ಕಿನ ಕೋಣೆ’ ಎಂಬ ಪದದ ಮೇಲೆ ಬೆರಳಿಟ್ಟು ಕಾಗದ ಮುಂದೆ ಹಿಡಿದರು. ಅಣ್ಣ ಫೈಲು ಬಿಚ್ಚಿ, ತಳದಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು.

“ನೀನು ಒಬ್ಬಳೇ ಇರ್ತೀಯಲ್ಲ ಅಂತ...”

“ಅದಕ್ಕೇ ಅಲ್ವಾ ಮಹಡಿಗೆ ಜನ ಹುಡುಕಿದ್ದು? ಇದು ನನ್ನ ಮನೆ. ಇಲ್ಲೇ ಇರ್ತೀನಿ.”

ನಾನು ನಂಬರು ಒತ್ತಿದೆ. ಲ್ಯಾಬಿನಾಕೆಗೂ ಒಂದು ಕಾಗದ ಹೋಗಿತ್ತು— ಮನೆ ಬೇರೆಯವರಿಗೆ ಕೊಟ್ಟಾಯಿತು ಎಂದು. ಸುದ್ದಿ ಕೇಳಿ ಆಕೆ ಕೆಲಸದ ಬಿಳಿ ಕೋಟಿನಲ್ಲೇ ಓಡಿಬಂದಳು. ಮೆಟ್ಟಿಲು, ತೇವ ಎಲ್ಲ ಇನ್ನೊಮ್ಮೆ ನೋಡಿಯೇ ಕರಾರಿಗೆ ಸಹಿ ಹಾಕಿದಳು. ಆಗ ಗಂಟೆ ಐದೂವರೆ.

ಅಣ್ಣ ಚಪ್ಪಲಿ ಮೆಟ್ಟುತ್ತಿದ್ದರು. ಗೋಂದಕ್ಕ ಪೆನ್ನು ಚಾಚಿದರು.

“ಕರಾರಿಗೊಂದು ಸಾಕ್ಷಿ ಬೇಕು, ಬಾ ಅಣ್ಣ. ಈ ಸಲ ನಿನ್ನ ಸ್ವಂತ ಸಹಿ ಹಾಕು.”